ಇಂದಿನ ಧಮ್ಮ ಚಿಂತನೆ: ಚೀವರ ಉಟ್ಟ ರಾಜ, ಐದು ರೈ ಹೊಲದ ಮನುಷ್ಯ



ಹೋದ ವಾರ ನಮ್ಮ ಬಳಗದ ಹುಡುಗನೊಬ್ಬ ಥಾಯ್ಲೆಂಡಿಗೆ ಹೋಗಿ ಬಂದು ಗುಂಪಿಗೆ ಫೋಟೋ ಹಾಕಿದ್ದು ನಿಮಗೆಲ್ಲ ನೆನಪಿರಬಹುದು. ಅಯುತ್ಥಯಾ ಎಂಬ ಹಳೆಯ ರಾಜಧಾನಿಯಲ್ಲಿ ಸಾಲಾಗಿ ನಿಂತ ಮೂರು ಸ್ತೂಪಗಳು, ಹಿಂದೆ ಮೋಡ ಕಟ್ಟಿದ ಆಕಾಶ. ಎಲ್ಲರೂ 'ಸಾಧು ಸಾಧು ಸಾಧು' ಅಂದರು. ನಾನೂ ಕೈಮುಗಿದ ಚಿತ್ರ ಒತ್ತಿದೆ. ಆಮೇಲೆ ನಮ್ಮ ಹಿರಿಯ ಅಕ್ಕ ಒಬ್ಬರು ವಾಯ್ಸ್ ಮೆಸೇಜ್ ಹಾಕಿದರು: "ಅಣ್ಣಾ, ಅದರೊಳಗೆ ಇರೋದು ಬುದ್ಧರ ಧಾತುನಾ? ಯಾರದ್ದು ಅಂತ ಹೇಳಿ, ದೀಪ ಹಚ್ಚುವಾಗ ಹೆಸರು ಹೇಳಬೇಕು."

ಅಕ್ಕ, ಅದು ಬುದ್ಧರದ್ದಲ್ಲ. ಮೂರು ಜನ ರಾಜರ ಬೂದಿ ಇಡಲು ಕಟ್ಟಿದ ಸ್ತೂಪಗಳು ಅವು. ಅಪ್ಪ ಮತ್ತು ಅವನ ಇಬ್ಬರು ಮಕ್ಕಳು. ಅಪ್ಪನ ಹೆಸರು ಪರಮ ತ್ರೈಲೋಕನಾಥ. ಥಾಯ್ ಜನ ಬೊರೊಮ್ಮತ್ರೈಲೋಕ್ಕನಾತ್ ಅನ್ನುತ್ತಾರೆ. ನಾನು ಬರೀ ತ್ರೈಲೋಕ ಅಂತ ಬರೆಯುತ್ತೇನೆ. 1448ರಿಂದ 1488ರವರೆಗೆ ನಲವತ್ತು ವರ್ಷ ಆಳಿದವನು. ನಿಮ್ಮ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಬಿಡಬಹುದಿತ್ತು. ಆದರೆ ಇವನ ಬಗ್ಗೆ ಓದುತ್ತಾ ಹೋದಂತೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕತೆ ಅವನಪ್ಪನಿಂದಲೇ ಶುರುವಾಗಬೇಕು. 1424ರಲ್ಲಿ ಅಯುತ್ಥಯಾದ ರಾಜ ಇಂದ್ರರಾಜ ಸತ್ತ. ಅವನಿಗೆ ಮೂರು ಗಂಡುಮಕ್ಕಳು: ಆಯ್, ಯೀ, ಸಾಮ್. ಆ ಹೆಸರುಗಳ ಅರ್ಥವೇ ದೊಡ್ಡವ, ಎರಡನೆಯವ, ಮೂರನೆಯವ ಅಂತ. ದೊಡ್ಡವರಿಬ್ಬರೂ ತಾವಾಳುತ್ತಿದ್ದ ಊರುಗಳಿಂದ ಸೈನ್ಯ ಕಟ್ಟಿಕೊಂಡು ರಾಜಧಾನಿಗೆ ಓಡಿ ಬಂದರು. ಅಪ್ಪನ ಹೆಣ ಇನ್ನೂ ಸುಟ್ಟಿತ್ತೋ ಇಲ್ಲವೋ, ಒಂದು ಸೇತುವೆಯ ಹತ್ತಿರ ಎದುರುಬದುರಾದರು. ಇಬ್ಬರೂ ಆನೆಯ ಮೇಲೆ. ಒಡಹುಟ್ಟಿದವರು ಒಬ್ಬರನ್ನೊಬ್ಬರು ಕಡಿದುಕೊಂಡು ಇಬ್ಬರೂ ಅಲ್ಲೇ ಸತ್ತರು. ಗದ್ದುಗೆ ಹತ್ತಿದ್ದು ಮೂರನೆಯವನು. ಅವನು ಅಣ್ಣಂದಿರು ಬಿದ್ದ ಜಾಗದಲ್ಲಿ ಎರಡು ಸ್ತೂಪ ಎಬ್ಬಿಸಿ, ಅವರನ್ನು ಸುಟ್ಟ ಜಾಗದಲ್ಲಿ ವಾಟ್ ರಾಚಬುರಣ ಎಂಬ ವಿಹಾರ ಕಟ್ಟಿಸಿದ. ಅದು ಇವತ್ತಿಗೂ ಇದೆ. ಆ ಮೂರನೆಯವನ ಮಗನೇ ನಮ್ಮ ತ್ರೈಲೋಕ.

1431ರಲ್ಲಿ ಹುಟ್ಟಿದ. ಅವನಪ್ಪ ಕಾಂಬೋಡಿಯಾದ ಅಂಕೋರ್ ನಗರವನ್ನು ಗೆದ್ದದ್ದೂ ಅದೇ ವರ್ಷ ಅಂತ ಲೆಕ್ಕ. ಅಲ್ಲಿಂದ ಸೆರೆ ಹಿಡಿದು ತಂದದ್ದು ಬರೀ ಬಂಗಾರ, ಕಂಚಿನ ವಿಗ್ರಹಗಳನ್ನಲ್ಲ. ರಾಜನನ್ನು ದೇವರಂತೆ ಪೂಜಿಸುವ ಪದ್ಧತಿ, ಅದನ್ನು ನಡೆಸುವ ಬ್ರಾಹ್ಮಣ ಪುರೋಹಿತರು, ಆಸ್ಥಾನದ ಶಿಷ್ಟಾಚಾರ ಎಲ್ಲವೂ ಜೊತೆಗೇ ಬಂತು. ಬಂಧುಗಳೇ, ಹೆಸರುಗಳನ್ನೇ ನೋಡಿ. ರಾಜಧಾನಿ ಅಯುತ್ಥಯಾ, ಅಂದರೆ ಅಯೋಧ್ಯೆ. ಅದನ್ನು ಕಟ್ಟಿದ ರಾಜನ ಬಿರುದು ರಾಮಾಧಿಪತಿ. ತ್ರೈಲೋಕ ಮುಂದೆ ಹೋಗಿ ನೆಲೆಸಿದ ಊರು ಫಿತ್ಸನುಲೋಕ್, ಅಂದರೆ ವಿಷ್ಣುಲೋಕ. ಬುದ್ಧನಿಗೆ ಶರಣು ಹೋದ ನಾಡಿನ ಹೆಸರುಗಳಿವು. ಹೆಸರಿನಲ್ಲೇನಿದೆ ಅನ್ನಬಹುದು. ಬಾಬಾಸಾಹೇಬರು ನಮ್ಮಿಂದ ಇಪ್ಪತ್ತೆರಡು ಪ್ರತಿಜ್ಞೆ ಮಾಡಿಸುವಾಗ ರಾಮ, ವಿಷ್ಣು ಎಂದು ಒಂದೊಂದೇ ಹೆಸರು ಹಿಡಿದು ಯಾಕೆ ಬಿಡಿಸಿದರು ಅಂತ ಕೇಳುವವರಿಗೆ ನಾನು ಇನ್ನು ಮೇಲೆ ಅಯುತ್ಥಯಾ ತೋರಿಸುತ್ತೇನೆ.

ತಾಯಿ ಸುಖೋಥಾಯ್ ರಾಜಮನೆತನದವಳು. ಆ ಕಾರಣಕ್ಕೆ ಏಳು ವರ್ಷದ ಹುಡುಗನನ್ನು ಉತ್ತರದ ಫಿತ್ಸನುಲೋಕಿಗೆ ಕಳಿಸಿ ಅಲ್ಲಿನವರ ಮೇಲೆ ಕೂರಿಸಿದರು. ಹದಿನೇಳಕ್ಕೆ ರಾಜನಾದ. ಆದ ಕೂಡಲೇ ಹಳೆಯ ಅರಮನೆಯ ಜಾಗವನ್ನು ಧಮ್ಮಕ್ಕೆ ಬಿಟ್ಟುಕೊಟ್ಟು ತಾನು ಉತ್ತರಕ್ಕೆ ಸರಿದು ಹೊಸ ಅರಮನೆ ಕಟ್ಟಿಸಿಕೊಂಡ. ಆ ಹಳೆ ಜಾಗವೇ ನೀವು ಫೋಟೋದಲ್ಲಿ ನೋಡಿದ ವಾಟ್ ಫ್ರಾ ಸಿ ಸನ್‌ಫೆತ್. ಸನ್‌ಫೆತ್ ಅಂದರೆ ನಮ್ಮ ಸರ್ವಜ್ಞ ಪದವೇ, ಬುದ್ಧರ ಹೆಸರು. ಕೇಳಲು ಎಷ್ಟು ಚೆಂದ, ಅರಮನೆ ಹೋಗಿ ವಿಹಾರವಾಯಿತು! ಆದರೆ ಒಂದು ವಿಷಯ ಗಮನಿಸಿ. ಆ ವಿಹಾರದಲ್ಲಿ ಭಿಕ್ಖುಗಳು ವಾಸ ಇರಲಿಲ್ಲ. ಅದು ರಾಜಮನೆತನದ ವಿಧಿಗಳಿಗಾಗಿ ಇದ್ದ ವಿಹಾರ. ಸಂಘ ಇಲ್ಲದ ವಿಹಾರ.

ಈಗ ನನ್ನ ನಿದ್ದೆ ಕೆಡಿಸಿದ ಭಾಗಕ್ಕೆ ಬರುತ್ತೇನೆ.

ದೊಡ್ಡಪ್ಪಂದಿರು ಸತ್ತ ಬಗೆ ತ್ರೈಲೋಕನಿಗೆ ಗೊತ್ತಿಲ್ಲದ್ದಲ್ಲ. ಯಾರು ಯಾರ ಮೇಲೆ, ಯಾರು ಯಾರ ಕೆಳಗೆ ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಕತ್ತಿ ಮಾತಾಡುತ್ತದೆ ಎಂದು ಅವನಿಗೆ ಅನಿಸಿರಬೇಕು. ಹಾಗಾಗಿ ಅವನ ಹೆಸರಿನಲ್ಲಿರುವ ಕಾನೂನುಗಳು ಎಲ್ಲವನ್ನೂ ಶ್ರೇಣಿ ಹಚ್ಚುತ್ತವೆ. ಅರಮನೆಯ ಕಾನೂನು ರಾಜನ ಮಕ್ಕಳನ್ನು ಅವರವರ ತಾಯಿಯ ದರ್ಜೆ ನೋಡಿ ಮೇಲೆ ಕೆಳಗೆ ಇಟ್ಟಿತು. ಪಟ್ಟದ ರಾಣಿಯ ಮಗನಿಗೆ ಅದು ಕೊಟ್ಟ ಬಿರುದು ಏನು ಗೊತ್ತೇ? 'ಬುದ್ಧರ ಮೊಳಕೆ'. ಹುಟ್ಟಿನಿಂದ ಯಾರೂ ಮೇಲಲ್ಲ ಎಂದ ಆ ಬುದ್ಧರ ಹೆಸರನ್ನೇ ಹುಟ್ಟಿನ ದರ್ಜೆಗೆ ಮುದ್ರೆ ಒತ್ತಲು ಬಳಸಿದರು.

ಅರಮನೆಯೊಳಗೆ ಶುರುವಾದ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ನಾಡಿನ ಪ್ರತಿ ಮನುಷ್ಯನಿಗೂ ಒಂದು ಸಂಖ್ಯೆ ಬಂತು. ಇದಕ್ಕೆ 'ಸಕ್ದಿನಾ' ಎನ್ನುತ್ತಾರೆ. ಸಕ್ದಿ ಅಂದರೆ ನಮ್ಮ 'ಶಕ್ತಿ'ಯೇ, ನಾ ಅಂದರೆ ಹೊಲ. ಇಂಥವನು ಇಷ್ಟು ರೈ ಹೊಲದ ಮನುಷ್ಯ ಎಂದು ಲೆಕ್ಕ. ಒಂದು ರೈ ಎಂದರೆ ನಮ್ಮ ಹದಿನಾರು ಗುಂಟೆ ಹತ್ತಿರ. ಉಪರಾಜನಿಗೆ 1,00,000 ರೈ, ಅಂದರೆ ಸುಮಾರು ನಲವತ್ತು ಸಾವಿರ ಎಕರೆ. ದೊಡ್ಡ ಮಂತ್ರಿಗಳಿಗೆ 10,000. ಹೀಗೆ ಇಳಿಯುತ್ತಾ ಇಳಿಯುತ್ತಾ ಸಾಮಾನ್ಯ ರೈತನಿಗೆ 25, ಅವನಿಗಿಂತ ಕೆಳಗಿನವನಿಗೆ 10 ಅಥವಾ 15. ಕೊನೆಗೆ ಗುಲಾಮನಿಗೂ ಭಿಕ್ಷೆ ಬೇಡುವವನಿಗೂ 5. ರಾಜನಿಗೆ ಮಾತ್ರ ಸಂಖ್ಯೆಯೇ ಇಲ್ಲ. ಹೆಂಡತಿಗೆ ಗಂಡನ ಅರ್ಧ, ಎರಡನೆಯ ಹೆಂಡತಿಗೆ ಆ ಅರ್ಧದಲ್ಲಿ ಅರ್ಧ.

ನಿಜವಾಗಿಯೂ ಅಷ್ಟು ಹೊಲ ಕೊಡುತ್ತಿದ್ದರಾ ಎಂದರೆ ಇಲ್ಲ. ಅದು ಮನುಷ್ಯನ ಬೆಲೆ ಹೇಳುವ ಅಳತೆ. ತಪ್ಪು ಮಾಡಿದರೆ ದಂಡ ಎಷ್ಟು, ಪೆಟ್ಟು ತಿಂದರೆ ಪರಿಹಾರ ಎಷ್ಟು ಎಂಬುದಕ್ಕೆಲ್ಲ ಈ ಸಂಖ್ಯೆಯನ್ನೇ ನೋಡುತ್ತಿದ್ದರು. ನ್ಯಾಯಸ್ಥಾನಕ್ಕೆ ತನ್ನ ಬದಲು ವಕೀಲನನ್ನು ಕಳಿಸುವ ಹಕ್ಕು 400 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾತ್ರ. ಉಳಿದವರು ತಾವೇ ಹೋಗಿ ಕೈಕಟ್ಟಿ ನಿಲ್ಲಬೇಕು. ವಕೀಲಿ ಓದಿ ನಮ್ಮೆಲ್ಲರ ಪರವಾಗಿ ನಿಂತ ಒಬ್ಬ ಮನುಷ್ಯನ ಮಕ್ಕಳು ನಾವು. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇನ್ನೂ ಒಂದಿದೆ. ಅವರು ಭಿಕ್ಖುಗಳಿಗೂ ಸಂಖ್ಯೆ ಹಚ್ಚಿದರು! ಧಮ್ಮ ಬಲ್ಲ ಭಿಕ್ಖುವಿಗೆ 600, ಬಾರದವನಿಗೆ 400. ಧಮ್ಮ ಬಲ್ಲ ಸಾಮಣೇರನಿಗೆ 300, ಬಾರದವನಿಗೆ 200. ಬ್ರಾಹ್ಮಣ ಪಂಡಿತನಿಗೂ 400. ಎಲ್ಲವನ್ನೂ ಬಿಟ್ಟು ಬಂದವನ ತಲೆಯ ಮೇಲೆ ನಾಲ್ಕುನೂರು ರೈ ಹೊಲ.

ನ್ಯಾಯವಾಗಿ ತೂಗಬೇಕು, ಆದ್ದರಿಂದ ಇದನ್ನೂ ಹೇಳುತ್ತೇನೆ. ಇದು ನಮ್ಮ ದೇಶದ ಜಾತಿ ಅಲ್ಲ. ಸಂಖ್ಯೆ ಅಂಟಿಕೊಂಡದ್ದು ಹೆಚ್ಚಾಗಿ ಹುದ್ದೆಗೆ. ಹುದ್ದೆ ಏರಿದರೆ ಸಂಖ್ಯೆಯೂ ಏರುತ್ತಿತ್ತು. ಸಾಲಕ್ಕೆ ಗುಲಾಮನಾದವನು ಸಾಲ ತೀರಿಸಿ ಹೊರಬರಬಹುದಿತ್ತು. ಮುಟ್ಟಿದರೆ ಮೈಲಿಗೆ ಎಂಬುದಿರಲಿಲ್ಲ, ಕೆರೆಯ ನೀರಿಗೆ ತಡೆ ಇರಲಿಲ್ಲ, ವಿಹಾರದ ಬಾಗಿಲು ಮುಚ್ಚಿರಲಿಲ್ಲ. ಅಷ್ಟರ ಮಟ್ಟಿಗೆ ಧಮ್ಮ ಅಲ್ಲಿ ಕೆಲಸ ಮಾಡಿತ್ತು. ಆದರೆ ಬಾಬಾಸಾಹೇಬರು ನಮಗೆ ಕಲಿಸಿದ ಒಂದು ಮಾತಿದೆ, ಶ್ರೇಣೀಕೃತ ಅಸಮಾನತೆ. ಎಲ್ಲರಿಗೂ ತನಗಿಂತ ಕೆಳಗೆ ಒಬ್ಬ ಸಿಗುವಂತೆ ಮೆಟ್ಟಿಲು ಕಟ್ಟಿದರೆ, ಮೆಟ್ಟಿಲು ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. 25ರವನು 10ರವನನ್ನು ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾನೆ. ವರ್ಷಕ್ಕೆ ಆರು ತಿಂಗಳು ರಾಜನಿಗೋ ಒಡೆಯನಿಗೋ ಬಿಟ್ಟಿ ದುಡಿಯುವಾಗಲೂ ಅದೇ ಸಮಾಧಾನ.

ಜನ ಇದನ್ನು ಒಪ್ಪಿದ್ದು ಹೇಗೆ? ಕತ್ತಿಯ ಭಯ ಒಂದೇ ಅಲ್ಲ. ತ್ರೈಲೋಕನ ತಾಯಿಯ ವಂಶದ ಸುಖೋಥಾಯ್ ರಾಜ ಲಿಥಾಯ್ ಅದಕ್ಕೂ ನೂರು ವರ್ಷ ಮುಂಚೆ ಮೂರು ಲೋಕಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದಿದ್ದ. ನರಕ ಎಲ್ಲಿ, ಸ್ವರ್ಗ ಎಲ್ಲಿ, ಯಾವ ಪುಣ್ಯಕ್ಕೆ ಯಾವ ಜನ್ಮ ಎಂಬ ವಿವರಗಳು ಅದರಲ್ಲಿವೆ. ರಾಜ ರಾಜನಾದದ್ದು ಹಿಂದಿನ ಜನ್ಮಗಳ ಪುಣ್ಯದಿಂದ ಎಂದ ಮೇಲೆ ಗುಲಾಮ ಗುಲಾಮನಾದದ್ದು ಯಾತರಿಂದ ಎಂದು ಬಿಡಿಸಿ ಹೇಳಬೇಕೇ? ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಬರೆಯುವಾಗ ಈ ಗಂಟಿಗೇ ಕೈಹಾಕಿದರು. ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಎಂಬ ವಾದವನ್ನು ಬುದ್ಧರ ಬಾಯಿಗೆ ತುರುಕಬಾರದು ಎಂದರು. ಕೆಲವು ಹಳೆಯ ಬೌದ್ಧ ದೇಶದವರಿಗೆ ಅದು ಅತಿಯಾಯಿತು ಅನಿಸಿದ್ದುಂಟು. ಒಂದು ಕಾಲದಲ್ಲಿ ನನಗೂ ಅನಿಸಿತ್ತು, ಇಷ್ಟು ದೇಶಗಳ ಭಿಕ್ಖುಗಳು ಒಪ್ಪಿದ್ದನ್ನು ಇವರೊಬ್ಬರು ಯಾಕೆ ತಳ್ಳುತ್ತಾರೆ ಅಂತ. ಐದು ರೈ ಮನುಷ್ಯನ ಬಗ್ಗೆ ಓದಿದ ಮೇಲೆ ಆ ಅನುಮಾನ ನನಗಿಲ್ಲ.

ಮತ್ತೆ ತ್ರೈಲೋಕನ ಬಾಳಿಗೆ ಬರೋಣ. ಶ್ರೇಣಿಯೇ ಅವನಿಗೆ ಯುದ್ಧವನ್ನೂ ತಂದಿತು. ಸುಖೋಥಾಯ್ ವಂಶದ ಯುಧಿಷ್ಠಿರ ಎಂಬವನು ತನಗೆ ಸಿಗಬೇಕಾದ ದರ್ಜೆ ಸಿಗಲಿಲ್ಲ ಎಂದು ಮುನಿಸಿಕೊಂಡು 1451ರಲ್ಲಿ ಉತ್ತರದ ಚಿಯಾಂಗ್ ಮಾಯ್ ರಾಜನ ಕಡೆ ಹೋಗಿಬಿಟ್ಟ. ಆ ರಾಜನ ಹೆಸರು ತಿಲೋಕರಾಜ. ಇವನು ತ್ರೈಲೋಕನಾಥ, ಅವನು ತಿಲೋಕರಾಜ. ಮೂರು ಲೋಕದ ಒಡೆಯರಿಬ್ಬರು ಗಡಿಯ ಒಂದೆರಡು ಊರುಗಳಿಗಾಗಿ ದಶಕಗಳ ಕಾಲ ಹೊಡೆದಾಡಿದರು! ತಿಲೋಕರಾಜನೂ ಕಡಿಮೆಯವನಲ್ಲ. ಹೆತ್ತಪ್ಪನನ್ನು ಇಳಿಸಿ ಗದ್ದುಗೆ ಹತ್ತಿದವನು, ಮುಂದೆ ಹೆತ್ತ ಮಗನನ್ನೂ ಕೊಲ್ಲಿಸಿದವನು. ಅವನೇ ಬುದ್ಧಗಯೆಯ ಮಹಾಬೋಧಿಯ ಮಾದರಿಯಲ್ಲಿ ವಿಹಾರ ಕಟ್ಟಿಸಿದ, 1477ರಲ್ಲಿ ತಿಪಿಟಕ ತಿದ್ದಿಸಲು ಭಿಕ್ಖುಗಳ ಮಹಾಸಂಗೀತಿ ಕೂಡಿಸಿದ. ಏನೆನ್ನಬೇಕೋ ತಿಳಿಯದು.

ಯುದ್ಧ ಹತ್ತಿರದಿಂದ ನೋಡಿಕೊಳ್ಳಲು 1463ರಲ್ಲಿ ತ್ರೈಲೋಕ ಅಯುತ್ಥಯಾವನ್ನು ಮಗನಿಗೆ ಬಿಟ್ಟು ಫಿತ್ಸನುಲೋಕಿಗೆ ಹೋದ, ಸಾಯುವ ತನಕ ಅಲ್ಲೇ ಇದ್ದ. 1465ರಲ್ಲಿ ತಲೆ ಬೋಳಿಸಿಕೊಂಡು ವಾಟ್ ಚುಲಾಮಣಿ ವಿಹಾರದಲ್ಲಿ ಚೀವರ ಉಟ್ಟ. ಜೊತೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಉಟ್ಟರಂತೆ. ಎಂಟು ತಿಂಗಳು ಭಿಕ್ಖುವಾಗಿದ್ದ.

ಈ ಎಂಟು ತಿಂಗಳನ್ನು ಕಣ್ಣಿಗೆ ತಂದುಕೊಳ್ಳಲು ಯತ್ನಿಸಿದೆ. ವಿನಯದಲ್ಲಿ ಹಿರಿತನಕ್ಕೆ ಒಂದೇ ಅಳತೆ: ಯಾರು ಮೊದಲು ಉಪಸಂಪದೆ ಪಡೆದರು ಎಂಬುದು. ಬಂಧುಗಳೇ, ಉಪಾಲಿ ನಿಮಗೆ ಗೊತ್ತು. ಶಾಕ್ಯ ರಾಜಕುಮಾರರು ತಮ್ಮ ಕ್ಷೌರಿಕ ಉಪಾಲಿಯ ಜೊತೆ ಬಂದಾಗ, ಅವನಿಗೇ ಮೊದಲು ದೀಕ್ಷೆ ಕೊಡಿ, ನಾವು ಅವನಿಗೆ ನಮಸ್ಕರಿಸುವಂತಾಗಲಿ, ನಮ್ಮ ಶಾಕ್ಯ ಗರ್ವ ಇಳಿಯಲಿ ಎಂದು ಅವರೇ ಕೇಳಿಕೊಂಡರು. ಅದೇ ನಿಯಮದ ಪ್ರಕಾರ, ತ್ರೈಲೋಕನಿಗಿಂತ ಒಂದು ದಿನ ಮುಂಚೆ ಚೀವರ ಉಟ್ಟ ರೈತನ ಮಗನ ಮುಂದೆ ಈ ರಾಜ ಮಂಡಿಯೂರಬೇಕು, ಸಾಲಿನಲ್ಲಿ ಅವನ ಹಿಂದೆ ನಡೆಯಬೇಕು. ತಾನೇ ಹಚ್ಚಿದ ಸಂಖ್ಯೆಗಳೆಲ್ಲ ಸೀಮೆಯ ಕಲ್ಲಿನ ಆಚೆ ಉಳಿಯಬೇಕು. ಅವನು ನಿಜಕ್ಕೂ ಹಾಗೆ ನಡೆದಿದ್ದರೆ, ಒಂದು ಬೆಳಿಗ್ಗೆಯಾದರೂ ತನ್ನ ಕಾನೂನು ನೆನಪಾಗಿ ನಾಚಿಕೆ ಆಗಿರಬಹುದೇ?

ಇತಿಹಾಸ ಬರೆದವರು ಇನ್ನೊಂದು ಮಾತು ಹೇಳುತ್ತಾರೆ. ಭಿಕ್ಖುವಾಗಿದ್ದಾಗಲೇ ಅವನು ತಿಲೋಕರಾಜನಿಗೆ ಹೇಳಿ ಕಳಿಸಿದನಂತೆ, ನಿನ್ನ ಕೈಯಲ್ಲಿರುವ ಆ ಗಡಿಯ ಊರನ್ನು ನನಗೆ ಭಿಕ್ಷೆಯಾಗಿ ಕೊಡು ಎಂದು. ಭಿಕ್ಷಾಪಾತ್ರೆಯಲ್ಲಿ ಕೋಟೆ ಕೇಳಿದ! ತಿಲೋಕರಾಜ ಕೊಡಲಿಲ್ಲ. ಎಂಟು ತಿಂಗಳಿಗೆ ಚೀವರ ಬಿಚ್ಚಿ ಮತ್ತೆ ಗದ್ದುಗೆಗೆ ಬಂದ. ಸಂಖ್ಯೆಗಳು ಇದ್ದಲ್ಲೇ ಇದ್ದವು.

ಉತ್ತರಾಧಿಕಾರಕ್ಕಾಗಿ ಅವನು ಪಟ್ಟ ಶ್ರಮಕ್ಕೆ ಫಲ ಏನು? ಸಾಯುವುದಕ್ಕೆ ಕೆಲವು ವರ್ಷ ಮುಂಚೆ ಇನ್ನೊಬ್ಬ ಮಗನಿಗೂ ಚೀವರ ಉಡಿಸಿ, ಮರಳಿದ ಮೇಲೆ ಉಪರಾಜನನ್ನಾಗಿ ಮಾಡಿದ. 1488ರಲ್ಲಿ ತ್ರೈಲೋಕ ಸತ್ತಾಗ ಅಯುತ್ಥಯಾದಲ್ಲಿದ್ದ ದೊಡ್ಡ ಮಗ ಆಳಿದ, 1491ರಲ್ಲಿ ಅವನು ಸತ್ತ ಮೇಲೆ ಉಪರಾಜ ಎರಡನೆಯ ರಾಮಾಧಿಪತಿಯಾದ. ಅಣ್ಣತಮ್ಮಂದಿರ ನಡುವೆ ಆನೆಗಳು ಎದುರಾಗಲಿಲ್ಲ. ಅಷ್ಟು ಒಪ್ಪಬೇಕು. ಈ ತಮ್ಮನೇ 1492ರಲ್ಲಿ ಅಪ್ಪನಿಗೊಂದು, ಅಣ್ಣನಿಗೊಂದು ಸ್ತೂಪ ಕಟ್ಟಿಸಿದ್ದು. ಮೂರನೆಯದು ಅವನಿಗಾಗಿ ಅವನ ಮಗ ಕಟ್ಟಿಸಿದ್ದು. ಆ ಮಗನ ಹೆಸರು ಬುದ್ಧಾಂಕುರ. ಅವನು 1533ರಲ್ಲಿ ಸಿಡುಬಿನಿಂದ ಸತ್ತ. ಐದು ವರ್ಷದ ಮಗುವನ್ನು ಗದ್ದುಗೆ ಮೇಲೆ ಕೂರಿಸಿದರು. ಐದು ತಿಂಗಳಾಗುವಷ್ಟರಲ್ಲಿ ಅದೇ ಮನೆತನದ ಚೈರಾಚ ಎಂಬವನು ಬಂದು ಆ ಮಗುವನ್ನು ಕೊಲ್ಲಿಸಿ ತಾನು ರಾಜನಾದ. ರಾಜರಕ್ತ ನೆಲಕ್ಕೆ ಬೀಳಬಾರದೆಂದು, ಮರಣದಂಡನೆ ಬಂದ ರಾಜಮನೆತನದವರನ್ನು ಚೀಲದಲ್ಲಿ ಹಾಕಿ ಗಂಧದ ಕೊರಡಿನಿಂದ ಹೊಡೆಯಬೇಕು ಎಂದು ಅರಮನೆಯ ಕಾನೂನಿನಲ್ಲಿ ವಿಧಿ ಇತ್ತು. ಶ್ರೇಣಿಯ ಕಾನೂನು ಬುದ್ಧರ ಮೊಳಕೆ ಎಂದು ಕರೆದ ಮನೆಯ ಮಗುವನ್ನೇ ಉಳಿಸಲಿಲ್ಲ. ಕೆಳಗಿನವರ ಸಂಖ್ಯೆಗಳು ಮಾತ್ರ ಅಳಿಸದೆ ಉಳಿದವು. ಗುಲಾಮಗಿರಿ ಪೂರ್ತಿ ರದ್ದಾದದ್ದು 1905ರಲ್ಲಿ, ರಾಜ ಚುಲಾಲೋಂಗ್‌ಕೋರ್ನನ ಕಾಲಕ್ಕೆ.

ಭಗವಾನರು ಉತ್ತರಾಧಿಕಾರಿಯನ್ನೇ ನೇಮಿಸಲಿಲ್ಲ. ನಿಮಗೆ ವಯಸ್ಸಾಯಿತು, ಸಂಘವನ್ನು ನನಗೆ ಒಪ್ಪಿಸಿ ಎಂದ ದೇವದತ್ತನನ್ನು ಹಿಂದೆ ಕಳಿಸಿದರು. ಕೊನೆಯ ದಿನಗಳಲ್ಲಿ ಆನಂದರಿಗೆ ಧಮ್ಮವೂ ವಿನಯವೂ ನಿಮಗೆ ಗುರು ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಭಂತೆ ಚಂದ್ರಮಣಿಯವರಿಂದ ದೀಕ್ಷೆ ಪಡೆದು, ಆ ಮೇಲೆ ಲಕ್ಷಾಂತರ ಜನಕ್ಕೆ ತಾವೇ ಕೊಟ್ಟರು. ಅಲ್ಲಿ ಯಾರ ಸಂಖ್ಯೆಯನ್ನೂ ಯಾರೂ ಕೇಳಲಿಲ್ಲ. ನಮ್ಮ ಬಳಗದಲ್ಲಿ ಮುಂದಿನ ಸಾಲಿನ ಕುರ್ಚಿ ಯಾರಿಗೆ, ಮೈಕ್ ಯಾರ ಕೈಗೆ, ಯಾರ ಮಗ ಮುಂದಿನ ಅಧ್ಯಕ್ಷ ಎಂಬ ಮಾತು ಬಂದಾಗ ನನಗೆ ಅಯುತ್ಥಯಾದ ಸೇತುವೆ ನೆನಪಾಗುತ್ತದೆ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಬೇಸರ ಬೇಡ.

ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಉಪಸಂಪದೆಗೆ ನಿಂತವನನ್ನು ಸಂಘ ಕೇಳುವ ಪ್ರಶ್ನೆಗಳಲ್ಲಿ ಇವೂ ಇವೆ: ನೀನು ಸ್ವತಂತ್ರನೇ? ಸಾಲ ಇಲ್ಲವೇ? ರಾಜನ ಸೇವಕನಲ್ಲ ತಾನೇ? ಸೈನಿಕರೆಲ್ಲ ಚೀವರ ಉಡುತ್ತಿದ್ದಾರೆ ಎಂದು ರಾಜ ಬಿಂಬಿಸಾರ ಬಂದು ಕೇಳಿಕೊಂಡಾಗ ಕೊನೆಯದು ಬಂತು ಎಂದು ವಿನಯವೇ ಹೇಳುತ್ತದೆ. 1465ರಲ್ಲಿ ವಾಟ್ ಚುಲಾಮಣಿಯಲ್ಲಿ ತ್ರೈಲೋಕ ಈ ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟಿರುತ್ತಾನೆ. ಅವನ ಕಾನೂನಿನ ಐದು ರೈ ಮನುಷ್ಯ ಅದೇ ಜಾಗದಲ್ಲಿ ನಿಂತಿದ್ದರೆ ಮೊದಲನೆಯ ಪ್ರಶ್ನೆಗೇ ಹಿಂದಿರುಗಬೇಕಿತ್ತು, ಒಡೆಯ ಬಿಡುಗಡೆ ಮಾಡುವ ತನಕ. ಸಂಘ ಉಳಿಯಲು ರಾಜರ ಮಾತು ಕೇಳಬೇಕಾಯಿತು ಎನ್ನುವವರಿದ್ದಾರೆ. ಇರಬಹುದು. ನನಗೆ ಸಮಾಧಾನವಿಲ್ಲ. ಭಾನುವಾರದ ಓದಿಗೆ ಈ ಪ್ರಶ್ನೆಗಳನ್ನೇ ಇಟ್ಟುಕೊಳ್ಳೋಣ, ಜೊತೆಗೆ ಉಪಾಲಿಯ ಪ್ರಸಂಗ. ಭಂತೇಜಿಯವರನ್ನೂ ಬರಲು ಕೇಳಿಕೊಂಡಿದ್ದೇನೆ.

ಅಕ್ಕ, ದೀಪ ಹಚ್ಚುವಾಗ ಯಾರ ಹೆಸರು ಹೇಳಬೇಕು ಎಂದು ಕೇಳಿದ್ದಿರಿ. ಉಪಾಲಿಯದ್ದು ಹೇಳಿ.

ನಮೋ ಬುದ್ಧಾಯ. ಜೈ ಭೀಮ್.